ಅತ್ತೆ ಕ್ಯಾಪುಚಿನೋಗೆ ಮಾರ್ಕು ಹಾಕಿದ ಕಾಲ

"ಇದು ಕಾಫಿಯಲ್ಲ ಕಣೇ. ಕಾಫಿ ಮೇಲೆ ಹಾಕಿರೋ ದಿಂಬು."

ಚೆಂಬೂರಿನ ಎ.ಸಿ. ಕೆಫೆಯೊಂದರಲ್ಲಿ, ತಮ್ಮ ಬದುಕಿನ ಮೊತ್ತಮೊದಲ ಕ್ಯಾಪುಚಿನೋ ಎದುರಿಗೆ ಕೂತು ನಮ್ಮತ್ತೆ ಕೊಟ್ಟ ತೀರ್ಪು ಇದು. ಆಗಿನ್ನೂ ಅವರು ಅದನ್ನು ಬಾಯಿಗಿಟ್ಟಿರಲಿಲ್ಲ. ಮುಂಬೈಯ ಕನ್ನಡ ಶಾಲೆಯೊಂದರಲ್ಲಿ ಕೂದಲು ನರೆಯುವವರೆಗೆ ಪಾಠ ಹೇಳಿದವರು. ಉತ್ತರ ಓದುವ ಮೊದಲೇ ಕೈಬರಹ ನೋಡಿ ಮನಸ್ಸಿನಲ್ಲೇ ಮಾರ್ಕು ಹಾಕಿಬಿಡುವ ಚಾಳಿ ನಿವೃತ್ತಿಯ ನಂತರವೂ ಹೋಗಿಲ್ಲ. ನಾನು ಸೊಸೆಯಾಗಿ ಹೊಸ್ತಿಲು ದಾಟಿದ ದಿನ ನನಗೂ ಹಾಗೆಯೇ ಹಾಕಿದ್ದರು. ಎಷ್ಟು ಎಂದು ಈವರೆಗೂ ಬಾಯಿ ಬಿಟ್ಟಿಲ್ಲ. ಪಾಸಾಗಿದ್ದೇನೆ ಎಂದು ನಾನೇ ಅಂದುಕೊಂಡಿದ್ದೇನೆ.

ನೊರೆಯ ಮೇಲೆ ಹೃದಯದ ಚಿತ್ರ ಬಿಡಿಸಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು, ಕಪ್ಪನ್ನು ತಿರುಗಿಸಿ ತಿರುಗಿಸಿ ಅದನ್ನು ನೋಡಿದರು.

"ಇದು ಯಾರ ಹೃದಯ? ಅಲ್ಲಿ ಮಿಷನ್ ಹತ್ರ ನಿಂತಿದಾನಲ್ಲ, ಅವನದಾ?"

"ಸುಮ್ನೆ ಚೆಂದಕ್ಕೆ ಹಾಕ್ತಾರೆ ಅತ್ತೆ. ಕುಡೀರಿ."

ಅವರು ಕಪ್ಪನ್ನು ಎತ್ತಿದರು. ನಮ್ಮ ಮನೆಯಲ್ಲಿ ಯಾರೂ ಕಚ್ಚಿ ಕುಡಿಯುವಂತಿಲ್ಲ. ಲೋಟ ತುಟಿಗೆ ತಾಗಿದರೆ ಎಂಜಲು. ನೀರಾಗಲಿ, ಕಾಫಿಯಾಗಲಿ, ಲೋಟವನ್ನು ಬಾಯಿಯಿಂದ ಗೇಣು ಮೇಲೆ ಹಿಡಿದು ನೇರ ಗಂಟಲಿಗೆ ಸುರಿದುಕೊಳ್ಳಬೇಕು. ಹೊಗೆಯಾಡುವ ಕಾಫಿಯನ್ನೂ ಅತ್ತೆ ಒಂದು ಹನಿ ಚೆಲ್ಲದೆ ಹೀಗೆ ಎತ್ತಿ ಕುಡಿದು ಮುಗಿಸುತ್ತಾರೆ, ನಡುವೆ ಮಾತು ಬೇರೆ ಆಡುತ್ತಾರೆ. ಆದರೆ ಆ ಅಗಲ ಬಾಯಿಯ ಕಪ್ಪಿಗೆ ಈ ಶಾಸ್ತ್ರವೆಲ್ಲ ಗೊತ್ತಿರಲಿಲ್ಲ. ಅತ್ತೆ ವಾಲಿಸಿದರು, ಏನೂ ಬೀಳಲಿಲ್ಲ. ಇನ್ನಷ್ಟು ವಾಲಿಸಿದರು. ನೊರೆ ಅಂಚಿಗೆ ಅಂಟಿಕೊಂಡು ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಮತ್ತೂ ವಾಲಿಸಿದಾಗ ಹೃದಯ ಇಡಿಯಾಗಿ ಕಳಚಿಕೊಂಡು ಅವರ ಮೂಗಿನ ಮೇಲೆ ಕೂತಿತು. ಹಿಂದೆಯೇ ಬಂದ ಕಾಫಿ ಗದ್ದದಿಂದಿಳಿದು ಸೆರಗು ಸೇರಿತು.

ನಾನು ನಗಬಾರದಿತ್ತು. ನಕ್ಕೆ. ಪಕ್ಕದ ಟೇಬಲ್ಲಿನವರೂ ನಕ್ಕರು. ಅತ್ತೆ ಮಾತ್ರ ಏನೂ ಆಗಿಲ್ಲವೆಂಬಂತೆ ಮುಖ ಒರೆಸಿಕೊಂಡು, ಚೀಲಕ್ಕೆ ಕೈಹಾಕಿ, ಮನೆಯಿಂದ ತಂದಿದ್ದ ಸ್ಟೀಲಿನ ಲೋಟ ಮತ್ತು ಬಟ್ಟಲನ್ನು ಹೊರತೆಗೆದರು. ಯಾವುದಕ್ಕೂ ಇರಲಿ ಎಂದು ತಂದಿದ್ದರಂತೆ. ಉಳಿದ ಕ್ಯಾಪುಚಿನೋವನ್ನು ಲೋಟಕ್ಕೆ ಬಗ್ಗಿಸಿ, ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಮೊಳದುದ್ದ ಎಳೆದರು. ಮಿಷನ್ ಹತ್ತಿರ ನಿಂತಿದ್ದವನು, ತಾನು ಅಷ್ಟು ಮುತುವರ್ಜಿಯಿಂದ ಕೂರಿಸಿದ ನೊರೆಗೆ ಬಂದ ಗತಿಯನ್ನು ಬಾಯಿಬಿಟ್ಟುಕೊಂಡು ನೋಡಿದ.

"ಹೀಗೆ ಬರ್ಬೇಕು ನೊರೆ," ಎಂದು ಅವನಿಗೂ ಕೇಳುವಂತೆ ಹೇಳಿ ಅತ್ತೆ ಎತ್ತಿ ಕುಡಿದರು. "ಮೂವತ್ತೈದು. ಪಾಸು, ಅಷ್ಟೇ. ವಾಸನೇನೇ ಇಲ್ಲ."

ಆ ಕೊನೆಯ ಮಾತಿಗೇ ನಾನು ಕಿವಿಗೊಟ್ಟು ಕೂತಿದ್ದೆ. ವಾಸನೆ ಇಲ್ಲದೆ ಹೋದದ್ದು ಕ್ಯಾಪುಚಿನೋದಲ್ಲಲ್ಲ, ಅತ್ತೆಯ ಮೂಗಿನಲ್ಲಿ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಬಂದ ಜ್ವರವೊಂದು ಹೋಗುವಾಗ ಅವರ ಮೂಗನ್ನೂ ಕಟ್ಟಿಕೊಂಡು ಹೋಗಿತ್ತು. ನಮಗೆ ತಿಳಿದದ್ದು ತಡವಾಗಿ, ಅದೂ ಕಾಫಿಯಿಂದ. ನಮ್ಮ ಮನೆಯಲ್ಲಿ ಕಾಫಿ ಅತ್ತೆಯ ಖಾತೆ. ಮಾಟುಂಗಾದ ಅಂಗಡಿಯಲ್ಲಿ ಕಣ್ಣೆದುರಿಗೇ ಬೀಸಿಸಿಕೊಂಡು ತಂದ ಪುಡಿ. ಮದುವೆಯಾಗಿ ಮೈಸೂರಿನಿಂದ ಬರುವಾಗ ಅವರ ಅಮ್ಮ ಕೊಟ್ಟ ಹಿತ್ತಾಳೆ ಫಿಲ್ಟರ್. ಬೆಳಿಗ್ಗೆ ಎದ್ದವರೇ ಕನ್ನಡಕವನ್ನೂ ಹುಡುಕದೆ ಅಡುಗೆಮನೆಗೆ ಹೋಗಿ, ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು "ಹ್ಞೂಂ" ಎನ್ನುತ್ತಿದ್ದರು. ಪುಡಿ ಸರಿಯಾಗಿದೆ ಎಂದು ಅರ್ಥ. ಆ "ಹ್ಞೂಂ" ಕೇಳಿದ ಮೇಲೆಯೇ ನಾನು ಹಾಸಿಗೆಯಿಂದ ಏಳುವುದು. ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳ ಸಾಲೇ ಇದೆ. ಒಂದಕ್ಕೂ ಚೀಟಿ ಅಂಟಿಸಿಲ್ಲ. ಚೀಟಿ ಅಂಟಿಸುವುದು ಮೂಗಿಲ್ಲದವರ ಮನೆಯಲ್ಲಿ ಎಂಬುದು ಅತ್ತೆಯದೇ ಮಾತು.

ಜ್ವರ ಬಿಟ್ಟ ಮೇಲೂ "ಹ್ಞೂಂ" ಬರುತ್ತಲೇ ಇತ್ತು. ಒಂದು ದಿನ "ಹ್ಞೂಂ" ಆಯಿತು, ಡಿಕಾಕ್ಷನ್ ಇಳಿಯಿತು, ಹಾಲು ಬೆರೆಯಿತು. ನನ್ನ ಗಂಡ ಪೇಪರ್ ಓದುತ್ತಾ ಲೋಟ ಎತ್ತಿ ಸುರಿದುಕೊಂಡವರು ಹಾಗೆಯೇ ಎದ್ದು ನಿಂತು ಕೆಮ್ಮತೊಡಗಿದರು. ಕಣ್ಣು ಮೂಗಿನಿಂದೆಲ್ಲ ನೀರು.

"ಅಮ್ಮಾ! ಇದು ಸಾರು!"

ನಾನು ನನ್ನ ಲೋಟ ಮೂಸಿ ನೋಡಿದೆ. ಅಪ್ಪಟ ಸಾರಿನ ಪುಡಿ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಇಂಗು, ಮೇಲೆ ಹಾಲು ಸಕ್ಕರೆ. ಅತ್ತೆ ಅಷ್ಟರಲ್ಲಿ ತಮ್ಮ ಲೋಟವನ್ನು ಪೂರ್ತಿ ಕುಡಿದು ಮುಗಿಸಿದ್ದರು.

"ಪುಡಿ ಹೊಸದು ಕಣೋ. ಅದಕ್ಕೇ ಸ್ವಲ್ಪ ಗಂಟಲು ಹಿಡಿಯುತ್ತೆ," ಎಂದರು.

ನನಗೆ ನಗು ಉಕ್ಕಿ ಬಂದಿತ್ತು. ಆದರೆ ಅವರು ಕನ್ನಡಕ ಹಾಕಿಕೊಂಡು ಡಬ್ಬಿಯೊಳಗೆ ನೋಡಿದ ರೀತಿ ಕಂಡು ಆ ನಗು ಹಾಗೇ ಬತ್ತಿಹೋಯಿತು. ಅವರು ಫಿಲ್ಟರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದರು. ಒರೆಸಿ, ಹಳೆಯ ರವಿಕೆ ಕಣದಲ್ಲಿ ಸುತ್ತಿದರು. ನನ್ನಿಂದ ಸ್ಟೂಲು ತರಿಸಿ ಅದನ್ನು ಎಲ್ಲಕ್ಕಿಂತ ಮೇಲಿನ ಶೆಲ್ಫಿಗೆ ಇಡಿಸಿದರು.

"ಮೂಗು ವಾಪಸ್ ಬಂದ ದಿನ ಇಳಿಸ್ತೀನಿ. ಅಲ್ಲೀವರೆಗೆ ಅದನ್ನ ಯಾರೂ ಮುಟ್ಟಕೂಡದು."

ಅಂದಿನಿಂದ ನಮ್ಮ ಮನೆಗೆ ಇನ್‌ಸ್ಟಂಟ್ ಕಾಫಿ ಬಂತು. ಸ್ಟೇಷನ್ ರೋಡಿನಲ್ಲಿ ಯಾವ ಪಾತ್ರೆ ಅಂಗಡಿಗೆ ಹೋದರೂ ಹೊಸ ಫಿಲ್ಟರ್ ಸಿಗುತ್ತಿತ್ತು. ಆದರೆ ಕೊಂಡು ತಂದು ಆ ಅಡುಗೆಮನೆಯಲ್ಲಿ ಇಡುವ ಗಂಡೆದೆ ನನಗೂ ಇರಲಿಲ್ಲ, ನನ್ನ ಗಂಡನಿಗೆ ಮೊದಲೇ ಇರಲಿಲ್ಲ. ಅವರು ಹರಳೆಣ್ಣೆ ಕುಡಿಯುವ ಮುಖ ಮಾಡಿಕೊಂಡು ಇನ್‌ಸ್ಟಂಟ್ ಕುಡಿದು ಆಫೀಸಿಗೆ ಹೋಗುತ್ತಿದ್ದರು. ಅತ್ತೆ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಬಾಲ್ಕನಿಯ ಕುರ್ಚಿಯಲ್ಲಿ ಕೂತು ಬಿಲ್ಡಿಂಗಿನ ಗೇಟು ನೋಡುತ್ತಿದ್ದರು. ಹುಳಿಗೆ ಉಪ್ಪು ಕಮ್ಮಿಯಾದರೂ ಮಾತಿಲ್ಲ, ಪಲ್ಯ ಸೀದರೂ ಮಾತಿಲ್ಲ. ನನ್ನ ಅಡುಗೆಯಲ್ಲಿ ಯಾರೂ ಹುಳುಕು ಹುಡುಕದ ಒಂದು ದಿನ ಬರಲಿ ಎಂದು ಎಷ್ಟೋ ವರ್ಷ ದೇವರಿಗೆ ಮೊರೆಯಿಟ್ಟವಳು ನಾನು. ಆ ದಿನ ಬಂದಾಗ ನನಗೆ ಭಯವಾಯಿತು. ಅತ್ತೆ ಹೀಗೆ ಸುಮ್ಮನಿದ್ದು ಸುಮ್ಮನಿದ್ದೇ ಒಂದು ದಿನ ಇಲ್ಲವಾಗಿಬಿಡುತ್ತಾರೆ ಎನಿಸಿತು.

ಮೂಗಿನ ಡಾಕ್ಟರು ಹೆಚ್ಚೇನೂ ಭರವಸೆ ಕೊಡಲಿಲ್ಲ. ಬರಬಹುದು, ಬರದೆಯೂ ಇರಬಹುದು; ಲವಂಗ, ನಿಂಬೆಹಣ್ಣು, ಕಾಫಿ ಹೀಗೆ ಏನಾದರೂ ದಿನಾ ಮೂಸಿ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಬೇಕು ಎಂದರು. ನಾನು ಮನೆಗೆ ಬಂದು ತಟ್ಟೆಯಲ್ಲಿ ಲವಂಗ, ನಿಂಬೆಹಣ್ಣು ಜೋಡಿಸಿ ಮುಂದಿಟ್ಟರೆ ಅತ್ತೆ ತಟ್ಟೆಯನ್ನು ಒಂದೇ ಬೆರಳಲ್ಲಿ ಆಚೆ ತಳ್ಳಿದರು.

"ನಾನೇನು ಪೊಲೀಸ್ ನಾಯೀನಾ ಮೂಸ್ತಾ ಕೂರಕ್ಕೆ?"

ಆಗ ಹೊಳೆದದ್ದು ಕ್ಯಾಪುಚಿನೋ. ಅತ್ತೆಗೆ ಅದರ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ನಾನು ಗೆಳತಿಯರ ಜೊತೆ ಹೊರಗೆ ಹೋಗಿ ಅದನ್ನು ಕುಡಿದು ಬಂದೆನೆಂದರೆ ಕೈಲಾಗದವಳನ್ನು ನೋಡುವಂತೆ ನೋಡುತ್ತಿದ್ದರು. ನಾನು ಲೆಕ್ಕ ಹಾಕಿದೆ. ಮನೆಯ ಕಾಫಿ ಮೂಸಿ ವಾಸನೆ ಬರದಿದ್ದರೆ ತಪ್ಪು ಮೂಗಿನದು. ಕ್ಯಾಪುಚಿನೋ ಮೂಸಿ ವಾಸನೆ ಬರದಿದ್ದರೆ ತಪ್ಪು ಕ್ಯಾಪುಚಿನೋದ್ದು. ಅತ್ತೆಗೆ ಮುಖಭಂಗವಿಲ್ಲ, ಮೂಗಿಗೆ ಅಭ್ಯಾಸವಾಗುತ್ತದೆ, ನನಗೆ ಕ್ಯಾಪುಚಿನೋ ಸಿಗುತ್ತದೆ. "ಅತ್ತೆ, ಈ ಕೆಫೆಯವರು ಕಾಫಿ ಅಂತ ಏನೇನೋ ಕೊಟ್ಟು ಜನರನ್ನ ಕೆಡಿಸ್ತಿದಾರೆ. ನಿಮ್ಮಂಥವರು ಹೋಗಿ ಒಂದ್ಸಲ ನೋಡ್ಬೇಕು," ಎಂದೆ. ಮರುದಿನ ಸಂಜೆ ಅವರು ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು, ನನಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಶಾಲೆಗೆ ಇನ್ಸ್‌ಪೆಕ್ಷನ್ನಿಗೆ ಹೊರಟ ಸಾಹೇಬರ ಠೀವಿ.

ಹೀಗೆ ಶುರುವಾದದ್ದು ಆ ಮೂವತ್ತೈದು ಮಾರ್ಕಿನ ಕೆಫೆಯಿಂದ ಹೊರಟು ಊರೆಲ್ಲ ಸುತ್ತಿತು. ವಾಸನೆ ಕೈಕೊಟ್ಟರೂ ಅತ್ತೆಯ ಮಾರ್ಕಿಗೆ ಆಧಾರಗಳು ಕಮ್ಮಿಯಿರಲಿಲ್ಲ. ಹಾಲಿಗೆ ಉಗಿ ಹಾಯಿಸುವಾಗ ಮಿಷನ್ ಮಾಡುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ಒಂದೇ ಸಮ ಬಂದರೆ ಹತ್ತು ಮಾರ್ಕು. ಬೆಕ್ಕು ಸೀನಿದಂತೆ ಬಿಟ್ಟು ಬಿಟ್ಟು ಬಂದರೆ ಸೊನ್ನೆ. ಕಾಫಿ ಮಾಡುವವನು ಕಪ್ಪು ನೋಡುತ್ತಾನೋ ಮೊಬೈಲ್ ನೋಡುತ್ತಾನೋ ಎಂಬುದಕ್ಕೆ ಬೇರೆ ಮಾರ್ಕು. ಟೇಬಲ್ಲು ಅಲ್ಲಾಡಿದರೆ ಕಡಿತ. ಗೋರೇಗಾಂವಿನ ಒಂದು ಕಡೆ ನೊರೆಯ ಮೇಲೆ ಚಾಕೊಲೇಟ್ ಪುಡಿ ಉದುರಿಸಿದ್ದಕ್ಕೆ "ಒಳಗೆ ಏನೋ ಮುಚ್ಚಿಡಕ್ಕಿದೆ" ಎಂದು ಪೂರ್ತಿ ಫೇಲು ಮಾಡಿದರು. ಕುರ್ಲಾದಲ್ಲಿ ಒಮ್ಮೆ, ದಾದರಿನಲ್ಲಿ ಒಮ್ಮೆ ಲೋಕಲ್ ರೈಲು ಬದಲಿಸಿ, ಯಾರೋ ಹೊಗಳಿದ್ದನ್ನು ನಂಬಿ ದಹಿಸರ್‌ವರೆಗೂ ಹೋದೆವು. ಅಲ್ಲಿ ಕ್ಯಾಪುಚಿನೋವನ್ನು ಕಾಗದದ ಲೋಟದಲ್ಲಿ ಕೊಟ್ಟರು. ಅತ್ತೆ ಅದನ್ನು ಮುಟ್ಟಲೂ ಇಲ್ಲ. "ಇದು ಪರೀಕ್ಷೆಗೇ ಬಂದಿಲ್ಲ. ಗೈರುಹಾಜರಿ," ಎಂದು ಲೋಕಲ್ ಹತ್ತಿದರು. ವಾಪಸಾಗುವಾಗ ಲೇಡೀಸ್ ಡಬ್ಬದಲ್ಲಿ ಪಕ್ಕದವಳ ಮಡಿಲಲ್ಲಿ ಮಲ್ಲಿಗೆಯ ದೊಡ್ಡ ದಿಂಡೇ ಇತ್ತು. ಡಬ್ಬವೆಲ್ಲ ಘಮಘಮ. ಅತ್ತೆ ಅದರ ಕಡೆ ಬಗ್ಗಿ, ಉಸಿರೆಳೆದು, ಮತ್ತೆ ನೆಟ್ಟಗೆ ಕೂತು ಕಿಟಕಿಯಾಚೆ ನೋಡಿದರು. ನಾನು ನೋಡಿಲ್ಲವೆಂಬಂತೆ ಮೊಬೈಲ್ ತೆಗೆದೆ. ಇಷ್ಟೆಲ್ಲ ಸುತ್ತಿದರೂ ಪ್ರತಿ ಕೆಫೆಯಲ್ಲಿ ಕೊನೆಯ ಮಾತು ಒಂದೇ ಆಗಿತ್ತು: ವಾಸನೇನೇ ಇಲ್ಲ.

ನನಗೆ ಸಿಟ್ಟು ಬರತೊಡಗಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಳ್ಳೆಯ ವಾಸನೆಗಳನ್ನೆಲ್ಲ ತೋರಿಸಿ ಆಯಿತು, ಒಂದಕ್ಕೂ ಆ ಮೂಗು ಮಿಸುಕಲಿಲ್ಲ. ಹಾಗಾದರೆ ಕೆಟ್ಟ ವಾಸನೆ? ಅತ್ತೆಯ ಪಾಲಿಗೆ ಲೋಕದಲ್ಲಿ ಮೊಟ್ಟೆಯಷ್ಟು ಕೆಟ್ಟ ವಾಸನೆ ಇನ್ನೊಂದಿರಲಿಲ್ಲ. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಮೊಟ್ಟೆ ಒಡೆದರೆ ಮೊದಲ ಮಹಡಿಯ ನಮ್ಮ ಕಿಟಕಿಗಳು ದಡದಡ ಮುಚ್ಚಿಕೊಳ್ಳುತ್ತಿದ್ದವು. ನನ್ನ ಗಂಡ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ತಿಂದು ಬಂದ ದಿನ, ಚಪ್ಪಲಿ ಬಿಚ್ಚುವ ಮೊದಲೇ ಸಿಕ್ಕಿಬಿದ್ದು ನೇರ ಬಚ್ಚಲಿಗೆ ಹೋಗಬೇಕಾಗಿತ್ತು. ಪ್ರೀತಿಯ ವಾಸನೆಗಳನ್ನು ನಮ್ಮತ್ತೆ ಮರೆತಾರು, ವೈರಿಯ ವಾಸನೆಯನ್ನು ಮರೆಯುವ ಪೈಕಿಯಲ್ಲ. ಮಲ್ಲಿಗೆಗೆ ಏಳದ ಮೂಗು ಆಮ್ಲೆಟ್ಟಿಗೆ ಏಳಬಹುದು ಎಂದು ನನಗೆ ಬಲವಾಗಿ ಅನಿಸಿತು.

ತೊಡಕೆಂದರೆ, ಮೊಟ್ಟೆ ಒಡೆಯುವ ಜಾಗದಲ್ಲಿ ಅತ್ತೆ ಕಾಲಿಡುವುದಿಲ್ಲ. ಅಲ್ಲಿಯವರೆಗೆ ನಾವು ಹೋದದ್ದೆಲ್ಲ ಬಾಗಿಲಲ್ಲೇ ಪ್ಯೂರ್ ವೆಜ್ ಎಂದು ಬರೆದುಕೊಂಡವುಗಳಿಗೇ.

ಚೆಂಬೂರು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಚಿಕ್ಕ ಕೆಫೆಯಿತ್ತು. ಬಾಗಿಲಲ್ಲಿ ವೆಜ್ಜೂ ಬರೆದಿರಲಿಲ್ಲ, ನಾನ್‌ವೆಜ್ಜೂ ಬರೆದಿರಲಿಲ್ಲ. ಮೆನು ನೋಡಬೇಕಾದರೆ ಟೇಬಲ್ಲಿಗೆ ಅಂಟಿಸಿದ ಕೋಡಿಗೆ ಮೊಬೈಲ್ ಹಿಡಿಯಬೇಕು, ಮೊಬೈಲು ನನ್ನ ಕೈಯಲ್ಲಿ. ಕಾಫಿ ಮಾಡುತ್ತಿದ್ದವನು ವಿಜಯಪುರದ ಕಡೆಯವನು, ದಪ್ಪ ಮೀಸೆಯ ಗೃಹಸ್ಥ, ಧಾರಾವಿಯಲ್ಲಿ ಮನೆ. ನಾನು ಮೊದಲೇ ಒಬ್ಬಳೇ ಹೋಗಿ ಅವನಿಗೆ ವಿಷಯವನ್ನೆಲ್ಲ ಹೇಳಿದೆ. ಅವನು ಮೀಸೆ ತೀಡಿಕೊಂಡ.

"ನಾ ಬಾಯಿ ಬಿಡಂಗಿಲ್ರಿ ಅಕ್ಕಾರ. ಆದ್ರ ಆಮ್ಲೆಟ್ ಹಾಕಿದ್ರ ವಾಸ್ನಿ ಹೇಳತೈತಲ್ರಿ?"

"ವಾಸನೆ ಹೇಳಲಿ ಅಂತಾನೇ ಕರ್ಕೊಂಡು ಬರ್ತಿರೋದು."

"ಅಮ್ಮಾರ ಸಿಟ್ಟಿಗೆದ್ದು ಕಪ್ಪ ಒಗದ್ರ?"

"ಎಸೆಯೋ ದಿನ ಬಂದ್ರೆ ನಿನಗೆ ಹೊಸ ಸೆಟ್ಟೇ ಕೊಡಿಸ್ತೀನಿ."

ಅತ್ತೆಯನ್ನು ಮೂಲೆಯ ಟೇಬಲ್ಲಿನಲ್ಲಿ, ಅಡುಗೆಯ ಕಡೆಗೆ ಬೆನ್ನು, ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿದೆ. ಗೋಡೆಗೆ ದೊಡ್ಡದೊಂದು ಗಾಜಿನ ಚೌಕಟ್ಟಿನಲ್ಲಿ ಹಳೆಯ ಮುಂಬೈಯ ಫೋಟೋ ಹಾಕಿತ್ತು. ಅದನ್ನು ನೋಡುತ್ತಿರಲಿ ಎಂದುಕೊಂಡೆ. ಇದು ಶುದ್ಧ ಸಸ್ಯಾಹಾರಿ ಕೆಫೆ ಎಂದು ರೆಪ್ಪೆ ಬಡಿಯದೆ ಸುಳ್ಳು ಹೇಳಿದೆ. ಮೀಸೆಯವನು ಕ್ಯಾಪುಚಿನೋ ತಂದಿಟ್ಟು, ಕೈಕಟ್ಟಿಕೊಂಡು ನಿಂತ.

"ಹ್ಯಾಂಗದರಿ ಅಮ್ಮಾರ?"

"ಯಾವ ಊರಪ್ಪಾ ನಿಂದು?" ಕನ್ನಡ ಕೇಳಿ ಅತ್ತೆ ಅರಳಿದರು. ಲೋಟ ಬಟ್ಟಲು ಹೊರಬಂದವು. "ಐವತ್ತೆರಡು. ಹಾಲು ಚೆನ್ನಾಗಿ ಕಾಯಿಸಿದೀಯ. ವಾಸನೆ ಮಾತ್ರ ಇಲ್ಲ."

ಅವರ ಬೆನ್ನ ಹಿಂದೆ ಆಗಷ್ಟೇ ಬಾಣಲಿಯಲ್ಲಿ ಎರಡು ಮೊಟ್ಟೆ ಚೊಂಯ್ ಎಂದಿದ್ದವು. ಕಮಟು ನನ್ನ ತಲೆಗೇರುತ್ತಿತ್ತು. ಅತ್ತೆ ಪ್ರಸನ್ನವಾಗಿ ಕ್ಯಾಪುಚಿನೋ ಎಳೆಯುತ್ತಿದ್ದರು. ಮೀಸೆಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕಳ್ಳತನ ಮಾಡಿಯೂ ಸಿಕ್ಕಿಬೀಳಲಿಲ್ಲವಲ್ಲ ಎಂದು ಅಳು ಬಂದದ್ದು ನನಗೆ ಜನ್ಮದಲ್ಲಿ ಅದೊಂದೇ ಸಲ.

ಮನೆಗೆ ಬಂದವರೇ ಅತ್ತೆ ಸ್ನಾನಕ್ಕೆ ಹೋದರು. "ಏನು ಬೆವರು ಈ ಊರಲ್ಲಿ," ಎಂದರು.

ಅಲ್ಲಿಂದ ಮುಂದೆ ಅವರು ಬೇರೆ ಕೆಫೆಯ ಹೆಸರೆತ್ತಲಿಲ್ಲ. "ಆ ವಿಜಯಪುರದವನ ಹತ್ರಾನೇ ಹೋಗೋಣ ನಡಿ, ಜಾಗ ಶುದ್ಧವಾಗಿದೆ," ಎನ್ನುವರು. ಶುದ್ಧ ಎಂಬ ಮಾತು ಕೇಳಿದಾಗಲೆಲ್ಲ ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದೆ. ಅದೇ ಮೂಲೆ, ಅದೇ ಗೋಡೆ. ಹಿಂದೆ ಆಮ್ಲೆಟ್ಟು, ಬುರ್ಜಿ, ಮುಂದೆ ಐವತ್ತೈದು, ನಲವತ್ತೆಂಟು, ಒಮ್ಮೆ ಅವನ ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕ ಖುಷಿಗೆ ಗ್ರೇಸ್ ಮಾರ್ಕು ಸೇರಿಸಿ ಅರವತ್ತು. ಮನೆಗೆ ಬಂದೊಡನೆ ಸ್ನಾನ. ಮಳೆಗಾಲ ಹೋಗಿ ಮುಂಬೈಯಲ್ಲಿ ಚಳಿ ಎಂದು ಕರೆಯುವ ತಂಗಾಳಿ ಬಂದರೂ ಅತ್ತೆಯ ಬೆವರು ಮಾತ್ರ ನಿಲ್ಲಲಿಲ್ಲ. ವಯಸ್ಸಾಯಿತಲ್ಲ, ಏನೋ ಇರಬೇಕು ಎಂದುಕೊಂಡೆ. ನನ್ನ ಬುದ್ಧಿವಂತಿಕೆಯ ಬಗ್ಗೆ ನನಗೆ ಎಷ್ಟು ಭರವಸೆ ಎಂದರೆ, ಕಣ್ಣೆದುರಿನ ಬಚ್ಚಲ ಬಾಗಿಲು ನನಗೆ ಕಾಣಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕೆಫೆ ತುಂಬಿತ್ತು. ನಮಗೆ ಒತ್ತಿಕೊಂಡಂತಿದ್ದ ಟೇಬಲ್ಲಿನಲ್ಲಿ ಜಿಮ್ಮಿನಿಂದ ನೇರ ಬಂದ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಮುಂದೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿದ ದಪ್ಪ ಆಮ್ಲೆಟ್ಟು ಬಂದು ಕೂತಿತು. ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ. ನಾನು ಎದ್ದು ಜಾಗ ಬದಲಿಸೋಣವೇ ಎಂದು ನೋಡುತ್ತಿದ್ದೆ. ಅತ್ತೆ ಲೋಟ ಎತ್ತಿ ಹಿಡಿದು ಬಾಯಿ ತೆರೆದಿದ್ದರು. ಕಾಫಿ ಬೀಳಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಅವರ ಮೂಗು, ಎಷ್ಟೋ ಕಾಲದಿಂದ ಮುಖದ ಮೇಲೆ ಸುಮ್ಮನೆ ಕೂತಿದ್ದ ಆ ಮೂಗು, ಒಮ್ಮೆ ಸುಕ್ಕುಗಟ್ಟಿತು. ಮತ್ತೊಮ್ಮೆ ಸುಕ್ಕುಗಟ್ಟಿತು.

ಲೋಟ ಕೆಳಗಿಳಿಯಿತು.

"ಮೊಟ್ಟೆ," ಎಂದರು ಅತ್ತೆ.

ಮಿಷನ್ ಹಿಂದೆ ಮೀಸೆಯವನು ಕಪ್ಪುಗಳನ್ನು ತನ್ನ ಕಡೆ ಸರಿಸಿಕೊಂಡದ್ದು ಕಾಣಿಸಿತು. ಅತ್ತೆ ನಿಧಾನವಾಗಿ ಹುಡುಗಿಯ ಕಡೆ ತಿರುಗಿದರು. ಈಗ ಮಾತು ಸಿಡಿಯುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಬೇಟಾ, ವೋ ಪ್ಲೇಟ್ ಜರಾ ಇಧರ್ ಕರ್ನಾ," ಎಂದು ಅತ್ತೆ ತಮ್ಮ ಶಾಲೆಯ ಹಿಂದಿಯಲ್ಲಿ ಕೇಳುತ್ತಿದ್ದರು.

ಹುಡುಗಿ ಕಿವಿಯೊಳಗಿಂದ ಇಯರ್‌ಫೋನ್ ತೆಗೆದು ನನ್ನನ್ನು ನೋಡಿದಳು. ನಾನು ಹ್ಞೂಂ ಎಂದು ತಲೆಯಾಡಿಸಿದೆ. ಅವಳು ತಟ್ಟೆಯನ್ನು ನಮ್ಮ ಟೇಬಲ್ಲಿಗೆ ಸರಿಸಿದಳು. ಈರುಳ್ಳಿ ಬೇಯಿಸಿದ ಪಾತ್ರೆಯನ್ನೂ ಬೇರೆ ಇಡುತ್ತಿದ್ದ ನಮ್ಮತ್ತೆ, ಸೆರಗನ್ನು ಎದೆಗೆ ಅವುಚಿಕೊಂಡು ಆಮ್ಲೆಟ್ಟಿನ ಮೇಲೆ ಬಗ್ಗಿದರು. ಎದೆ ತುಂಬ ಉಸಿರೆಳೆದುಕೊಂಡರು.

"ಥೂ! ಏನು ಕೆಟ್ಟ ವಾಸನೆಯೇ ಇದು! ಅಬ್ಬಬ್ಬ!" ಕಣ್ಣಿಂದ ನೀರು ಇಳಿಯುತ್ತಿತ್ತು. "ಎಂಥಾ ಹಾಳು ವಾಸನೆ!" ಎಂದು ಮತ್ತೆ ಬಗ್ಗಿದರು. ಬಾಯಿಗೆ ಸೆರಗು ಒತ್ತಿಕೊಂಡರು, ಸಾವರಿಸಿಕೊಂಡು ಇನ್ನೊಂದು ಸಲ ಬಗ್ಗಿದರು. ಹುಡುಗಿ ಗಾಬರಿಯಿಂದ "ಆಂಟಿ ಠೀಕ್ ಹೈ ಕ್ಯಾ?" ಎಂದು ಕೇಳಿದಳು. ನಾನೂ ಅಳುತ್ತಿದ್ದೆ. ಮೀಸೆಯವನೇ ಓಡಿ ಬಂದು, "ಠೀಕ್ ಹೈ, ಏಕ್‌ದಮ್ ಠೀಕ್ ಹೈ," ಎಂದು ಅವಳಿಗೆ ಹೇಳಿ, ಎರಡನೇ ಆಮ್ಲೆಟ್ಟು ತನ್ನ ಲೆಕ್ಕದಲ್ಲಿ ಎಂದ.

ಸ್ವಲ್ಪ ಹೊತ್ತಿನ ಮೇಲೆ ನನಗೆ ನನ್ನ ಸುಳ್ಳು ನೆನಪಾಯಿತು.

"ಅತ್ತೆ, ಇಲ್ಲಿ ಮೊಟ್ಟೆ ಮಾಡ್ತಾರೆ ಅಂತ ನನಗೆ..."

"ಸುಮ್ನಿರೇ ಸಾಕು." ಅವರು ಕಣ್ಣೊರೆಸಿಕೊಂಡು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. "ಮೊದಲನೇ ದಿನಾನೇ ನೋಡ್ದೆ. ಇವನು ಒಂದೇ ಕೈಯಲ್ಲಿ ಮೊಟ್ಟೆ ಒಡೆಯೋದು ಆ ಗಾಜಲ್ಲಿ ಕನ್ನಡಿ ಥರ ಕಾಣುತ್ತೆ. ಮೂಗು ಹೋಗಿತ್ತು, ಕಣ್ಣು ಹೋಗಿತ್ತಾ?"

ನಾನು ಗೋಡೆ ನೋಡಿದೆ. ಹಳೆಯ ಮುಂಬೈಯ ಟ್ರ್ಯಾಮಿನ ಮೇಲೆ ಬಾಣಲಿ, ಬೆಂಕಿ, ಮೀಸೆ ಎಲ್ಲ ಸ್ವಚ್ಛವಾಗಿ ಮೂಡಿದ್ದವು.

"ಗೊತ್ತಿದ್ದೂ ಮತ್ತೆ ಮತ್ತೆ ಯಾಕೆ ಬಂದ್ರಿ?"

"ನೀನು ಯಾಕೆ ಕರ್ಕೊಂಡು ಬಂದ್ಯೋ ಅದಕ್ಕೇ ಬಂದೆ." ಲೋಟ ಬಟ್ಟಲನ್ನು ಚೀಲಕ್ಕೆ ತುಂಬುತ್ತಾ ಹೇಳಿದರು. "ಬಂದು ಬಂದು ಸ್ನಾನ ಮಾಡಿ ಮಾಡಿ ನನ್ನ ಚರ್ಮ ಸವೆದುಹೋಯ್ತು. ಏಳು, ಇವತ್ತು ನೀನೂ ಮಾಡ್ಬೇಕು."

ಮನೆಯಲ್ಲಿ ಇಬ್ಬರ ಸ್ನಾನವೂ ಆದ ಮೇಲೆ ಸ್ಟೂಲು ಬಂತು. ಫಿಲ್ಟರ್ ಕೆಳಗಿಳಿಯಿತು. ಕಾಫಿಯ ವಾಸನೆ ಬಂತೇ ಎಂದು ನಾನು ಕೇಳಲಿಲ್ಲ. ಅತ್ತೆ ತಾವಾಗಿಯೇ ಡಬ್ಬಿ ತೆಗೆದು ಮೂಸಿದರು. ತುಂಬ ಹೊತ್ತು ಮೂಸಿದರು. "ಹ್ಞೂಂ" ಬರಲಿಲ್ಲ.

"ಇದು ಇನ್ನೂ ಬಂದಿಲ್ಲ ಕಣೇ," ಎಂದರು. ಫಿಲ್ಟರ್ ಮೇಲಿಡಿಸಿದ ದಿನದ ನಂತರ ಮೊದಲ ಸಲ ಅವರೇ ಬಾಯಿಬಿಟ್ಟು ಹೇಳಿದ್ದು. "ಬರುತ್ತೆ. ಮೊಟ್ಟೆಗೆ ದಾರಿ ಸಿಕ್ಕಿದೆ ಅಂದ್ಮೇಲೆ ಕಾಫಿಗೂ ಸಿಗುತ್ತೆ. ಅಲ್ಲೀವರೆಗೂ ಬೆಳಿಗ್ಗೆ ನೀನು ಮೂಸು, ನಾನು ಇಳಿಸ್ತೀನಿ."

ಶೆಲ್ಫಿನಿಂದ ಡಬ್ಬಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ನನ್ನ ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಡಬ್ಬಿ ಮೂಸಲು ನನಗೆ ಸಿಕ್ಕ ಮೊದಲ ಅಧಿಕಾರ ಅದು. ಅತ್ತು ಅತ್ತು ಮೂಗು ಕಟ್ಟಿತ್ತು. ಆದರೂ ಅವರಂತೆಯೇ ಕತ್ತು ಸ್ವಲ್ಪ ಓರೆ ಮಾಡಿ, ಗಂಭೀರವಾಗಿ ಹೇಳಿದೆ:

"ಹ್ಞೂಂ."

"ಇದು ಸಾರಿನ ಪುಡಿ," ಎಂದರು ಅತ್ತೆ. ಕನ್ನಡಕ ಹಾಕಿಕೊಂಡೇ ಇದ್ದರು. "ಸೊನ್ನೆ. ಹೋಗಿ ಮೂಗು ಸೀಟಿಕೊಂಡು ಬಾ."

ಸೀಟಿಕೊಂಡು ಬಂದೆ. ಈ ಸಲ ಸರಿಯಾದ ಡಬ್ಬಿ ಹಿಡಿದರು. ಬಾಗಿಲಲ್ಲಿ ನನ್ನ ಗಂಡ ಖಾಲಿ ಲೋಟ ಹಿಡಿದುಕೊಂಡು ನಿಂತಿದ್ದರು.